ಯಾವ ಮಶೀನೂ ಸಾಕಾಗದ ವಿಡಿಯೊ

ಜ್ಞಾನೇಶ್ವರ ಎಡಿಟ್ ಮಾಡಿದ ಮದುವೆಯ ಅಕ್ಕಿಕಾಳಿನ ದೃಶ್ಯ ನೋಡಿ, ಸೋಡಚೀಟಿ ಪಡೆದು ಬೇರೆಯಾಗಲು ನಿಂತಿದ್ದ ಹದಿನೇಳು ಜೋಡಿ ಮುಧೋಳ ಕೋರ್ಟಿನ ಮೆಟ್ಟಿಲಿನಿಂದಲೇ ಹೊಳ್ಳಿ ಮನೆಗೆ ಹೋಗಿದ್ದವು. ವಕೀಲರೆಲ್ಲ ಸೇರಿ ಅವನ ಮೇಲೆ ಕೇಸು ಹಾಕುವುದೊಂದೇ ಬಾಕಿ.

ಬನಹಟ್ಟಿಯಿಂದ ಜಮಖಂಡಿಗೆ ಹೊರಟ ಬಸ್ಸಿನಲ್ಲಿ ಅವನು ಇದನ್ನು ಪಕ್ಕದ ಸೀಟಿನ ಗುರಪ್ಪನಿಗೆ ಹೇಳುತ್ತಿದ್ದ. ಗುರಪ್ಪ ನಗಲಿಲ್ಲ. ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಹೌದೇನು, ಎಂದ.

ರನ್ನ ಬೆಳಗಲಿಯ ಈ ರೈತ ಏನು ಹೇಳಿದರೂ ನಂಬುತ್ತಿದ್ದ. ಜ್ಞಾನೇಶ್ವರನಿಗೆ ಹೆದರಿಕೆ ಇದ್ದದ್ದು ಅದರದೇ. ಎದುರಿನವನು ಅನುಮಾನಪಟ್ಟರೆ ಸುಳ್ಳಿಗೆ ಒಂದು ಗೋಡೆಯಾದರೂ ಸಿಗುತ್ತದೆ. ಇಲ್ಲಿ ಅದು ಜಾರುತ್ತಲೇ ಹೋಗುತ್ತಿತ್ತು.

ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಬನಹಟ್ಟಿಯಲ್ಲಿ ಸ್ಟುಡಿಯೊ ಇಟ್ಟು, ಮಂದಿಯ ಮದುವೆಗಳನ್ನು ಕತ್ತರಿಸುತ್ತ ಅಂಟಿಸುತ್ತ ಬದುಕಿದವನು ಜ್ಞಾನೇಶ್ವರ. ಎಡಿಟ್ ಮುಗಿದ ವಿಡಿಯೊ ಹೊರತೆಗೆಯಲು ತಾನು ಮಶೀನ್ ಹಚ್ಚಿದರೆ ಊರಿನ ಮಗ್ಗಗಳೆಲ್ಲ ಕರೆಂಟಿಲ್ಲದೆ ನಿಲ್ಲುತ್ತವೆ ಎನ್ನುತ್ತಿದ್ದ. ಗುರಪ್ಪನ ಮಗಳು ಸ್ನೇಹಾಳ ಮದುವೆಯನ್ನು ಮಹಾಲಿಂಗಪುರದಲ್ಲಿ ಕ್ಯಾಮೆರಾದಲ್ಲಿ ಹಿಡಿದವನೂ ಅವನೇ. ಎಂಟು ತಿಂಗಳಿಗೆ ಹುಡುಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಫೋಟೊಗಳಿದ್ದವು, ವಿಡಿಯೊ ಇನ್ನೂ ಕೈಗೆ ಬಂದಿರಲಿಲ್ಲ. ಆದರೆ ಗುರಪ್ಪನಿಗೆ ಬೇಕಾದದ್ದು ಬೇರೆ. ಹೆಣ್ಣು ಒಪ್ಪಿಸುವಾಗ, ಗಾಡಿ ಹತ್ತುವ ಮುಂಚೆ, ಸ್ನೇಹಾ ಹೊಳ್ಳಿ ನಿಂತು ಅಪ್ಪನಿಗೆ ಏನೋ ಅಂದಿದ್ದಳು. ಬ್ಯಾಂಡಿನ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಊರಿಗೆ ಬಂದಾಗ ಕೇಳಿದರಾಯಿತು ಎಂದುಕೊಂಡ, ಮರೆತ.

ವಿಡಿಯೊದಲ್ಲಿ ಆ ಮಾತು ಇರಬೇಕಲ್ಲ ಎಂದು ಗುರಪ್ಪ ಸ್ಟುಡಿಯೊಗೆ ಬಂದಾಗ ಜ್ಞಾನೇಶ್ವರ, ಐತಿ, ನಾನೇ ಕೇಳೀನಿ ಎಂದುಬಿಟ್ಟಿದ್ದ. ಬ್ಯಾಂಡಿನ ಸಪ್ಪಳ ಬೇರೆ ಮಾಡಬೇಕು, ನನ್ನ ಮಶೀನಿಗೆ ಅಷ್ಟು ಕಸುವಿಲ್ಲ, ನಿಮ್ಮ ವಿಡಿಯೊ ಬಹಳ ದೊಡ್ಡದು ಎಂದು ಕಾರಣ ಕೊಟ್ಟಿದ್ದ. ಆಕೆ ಏನಂದಳು ಎಂದು ಗುರಪ್ಪ ಕೇಳಿದ್ದಕ್ಕೆ, ಆಕಿ ಬಾಯಿಂದಲೇ ಕೇಳ್ರಿ ಕಾಕಾ, ಎಂದಿದ್ದ. ನೆಚ್ಚಿಕೆ ಇರಲೆಂದು ಹಾರ್ಡ್ ಡಿಸ್ಕನ್ನೂ ಅವನ ಕೈಗೇ ಕೊಟ್ಟಿದ್ದ. ಸಾದಾ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ, ಜೋಪಾನ, ಎಂದೂ ಹೇಳಿದ್ದ.

ವರ್ಷವಾಯಿತು. ಮೊನ್ನೆ ಗುರಪ್ಪ ಬಂದು, ಮಶೀನ್ ನಾ ಕೊಡಸ್ತೀನಿ, ನೀ ಆರಸು ಬಾ, ಎಂದ.

ಜಮಖಂಡಿಯ ಅಂಗಡಿಗೆ ಕಿಟಕಿಗಳಿರಲಿಲ್ಲ. ಒಳಗೆ ಹತ್ತಾರು ಪುಟ್ಟ ಫ್ಯಾನುಗಳು ಒಂದೇ ಉಸಿರಿನಲ್ಲಿ ಗುಂಯ್‌ಗುಡುತ್ತಿದ್ದವು. ಅಂಗಡಿಯ ನೀಲಕಂಠ ಎರಡು ಪ್ರೊಸೆಸರಿನ ಡಬ್ಬಿಗಳನ್ನು ಮುಂದಿಟ್ಟ. ಒಂದರಲ್ಲಿ ಹದಿನಾರು ಕೋರು, ಎಂದರೆ ಒಂದೇ ಚಿಪ್ಪಿನಲ್ಲಿ ಹದಿನಾರು ಮಿದುಳು. ಇನ್ನೊಂದರಲ್ಲಿ ಕೋರು ಕಡಿಮೆ, ಆದರೆ ಕ್ಯಾಮೆರಾದ ವಿಡಿಯೊ ಬಿಚ್ಚುವ ವ್ಯವಸ್ಥೆ ಚಿಪ್ಪಿನೊಳಗೇ ಇದೆ, ಕತ್ತರಿಸುವಾಗ ತಡವರಿಸುವುದಿಲ್ಲ. ಲಗ್ನದ ಕೆಲಸಕ್ಕೆ ಇದೇ ಛಲೋ, ಅರವತ್ನಾಲ್ಕು ಜಿಬಿ ರ‍್ಯಾಮ್ ಹಾಕಿದರೆ ಮುಗಿಯಿತು ಎಂದ.

"ಸಾಕಾಗೂದಿಲ್ಲ," ಎಂದ ಜ್ಞಾನೇಶ್ವರ.

ಹದಿನಾರು ಕೋರೂ ಸಾಕಾಗಲಿಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡೂ ಸಾಕಾಗಲಿಲ್ಲ. ಅರವತ್ನಾಲ್ಕು ಕೋರಿನದು ಬೇಕು, ಅಮೆರಿಕದ ಸಿನಿಮಾ ಕಂಪನಿಯೊಂದು ತನ್ನನ್ನು ಕೇಳಿಯೇ ಅದನ್ನು ಕೊಂಡಿತು ಎಂದ. ಜಮಖಂಡಿಯಲ್ಲಿ ಎಂದೂ ಸಿಗದಂಥ ಮಶೀನನ್ನು ಅವನು ಮಾತಿನಲ್ಲೇ ಜೋಡಿಸುತ್ತಿದ್ದ. ಬೆವರು ಮಾತ್ರ ಖರೆ ಇತ್ತು.

ನೀಲಕಂಠ ಮೂಲೆಯತ್ತ ಕೈ ಮಾಡಿದ. ಅಲ್ಲಿ ಆಗತಾನೆ ಜೋಡಿಸಿದ ಕರಿ ಪೆಟ್ಟಿಗೆಯೊಂದು ಓಡುತ್ತಿತ್ತು. "ಇದು ಅರವತ್ನಾಲ್ಕು ಕೋರ್‌ಂದ ರೀ. ಬಿಜಾಪುರದವ್ರ ಆರ್ಡರ್. ವಿಡಿಯೊ ಇದ್ರ ಹಚ್ಚಿ ನೋಡೂಣು, ಸಾಕಾಗತೈತೋ ಇಲ್ಲೋ."

"ವಿಡಿಯೊ ತಂದಿಲ್ಲ."

"ನಾ ತಂದೀನಿ," ಎಂದ ಗುರಪ್ಪ.

ಚೀಲದಿಂದ ಕೆಂಪು ಖಣದ ಗಂಟು ಹೊರಬಂತು. ಬಿಚ್ಚಿದರೆ ಹಾರ್ಡ್ ಡಿಸ್ಕು. ಅದರ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ವರ್ಷವಿಡೀ ದೇವರ ಜಗಲಿಯ ಮೇಲಿತ್ತಂತೆ. ನೀಲಕಂಠ ಚಪ್ಪಲಿ ಬಿಟ್ಟು ಅದನ್ನು ಇಸಿದುಕೊಂಡ.

ವೈರು ಸಿಕ್ಕಿಸಿದ. ದೊಡ್ಡ ಪರದೆಯ ಮೇಲೆ ಒಂದೇ ಫೋಲ್ಡರು, ಸ್ನೇಹಾ ಎಂಬ ಹೆಸರಿನದು. ತೆರೆದ. ಒಳಗೆ ಬೆಳ್ಳಗೆ.

"ಖಾಲಿ ಐತ್ರಿ ಇದು."

ಜ್ಞಾನೇಶ್ವರನ ನಾಲಗೆಯ ಮೇಲೆ ಉತ್ತರ ಸಿದ್ಧವಾಗಿತ್ತು: ಇದು ಗುಪ್ತ ಫೈಲು, ಈ ಮಶೀನಿಗೂ ಕಾಣುವುದಿಲ್ಲ. ಹೇಳಲು ಗುರಪ್ಪನ ಕಡೆ ತಿರುಗಿದ. ಮುದುಕ ಆಗಲೇ ತಲೆಯಾಡಿಸುತ್ತಿದ್ದ. ಸುಳ್ಳು ಹುಟ್ಟುವ ಮೊದಲೇ ಅದನ್ನು ನಂಬಿಯಾಗಿತ್ತು.

"ಅದರಾಗ ಏನೂ ಇಲ್ರಿ ಕಾಕಾ," ಎಂದ ಜ್ಞಾನೇಶ್ವರ. ದನಿ ತನ್ನದಲ್ಲ ಅನ್ನಿಸಿತು. "ಮೊದಲಿಂದ ಇಲ್ಲ."

ಸ್ನೇಹಾಳ ಮದುವೆಯ ದಿನ ಅವನು ಎರಡು ಮುಹೂರ್ತದ ಕೆಲಸ ಹಿಡಿದಿದ್ದ. ಮಹಾಲಿಂಗಪುರದ್ದು ಮುಗಿಸಿ ಸಂಜೆಗೆ ಅನಗವಾಡಿ. ದಾರಿಯಲ್ಲಿ, ಗಾಡಿಯೊಳಗೆ, ಕ್ಯಾಮೆರಾದ ಕಾರ್ಡಿನಿಂದ ಡಿಸ್ಕಿಗೆ ಕಾಪಿ ಹಾಕಿ ಡ್ರೈವರನೆದುರು ಬಡಾಯಿ ಕೊಚ್ಚುತ್ತಿದ್ದ. ಲ್ಯಾಪ್‌ಟಾಪಿನ ಪರದೆ ಆರಿತು. ಕಾಪಿ ಮುಗಿಯಿತು ಎಂದುಕೊಂಡ, ಆರಿದ್ದು ಬ್ಯಾಟರಿ; ಡಿಸ್ಕಿನಲ್ಲಿ ಫೋಲ್ಡರಿನ ಹೆಸರಷ್ಟೇ ಉಳಿದಿತ್ತು. ಅನಗವಾಡಿಯಲ್ಲಿ ಅದೇ ಕಾರ್ಡು ಅಳಿಸಿ, ಸ್ನೇಹಾಳ ಮೇಲೆ ಇನ್ಯಾರದೋ ಮದುವೆ ಹಿಡಿದ. ಇದೆಲ್ಲವನ್ನು ಹೇಳಿದ, ಒಂದೂ ಬಿಡದೆ, ಒಂದೂ ಹೆಚ್ಚಿಸದೆ.

"ಮತ್ತ ಆಕಿ ಅಂದದ್ದು? ನೀ ಕೇಳಿದ್ದಿ."

"ಕೇಳಿಲ್ಲ. ಆಕಿ ಮಾರಿನೂ ನನಗ ನೆನಪಿಲ್ರಿ. ದಿನಾಪೂರ್ತಿ ಕ್ಯಾಮೆರಾದಾಗ ನೋಡೀನಿ. ಆದ್ರೂ ನೆನಪಿಲ್ಲ."

ಗುರಪ್ಪ ಬೈಯಲಿಲ್ಲ. ಎದ್ದು ಪರದೆಯ ಹತ್ತಿರ ಹೋದ. ಅರವತ್ನಾಲ್ಕು ಕೋರುಗಳು ಬರಿದನ್ನೇ ಅರೆಯುತ್ತ ಗುಂಯ್‌ಗುಟ್ಟುತ್ತಿದ್ದವು.

"ಇದಕ್ಕಿಂತ ದೊಡ್ಡದು ಐತೇನ್ರಿ?" ಎಂದು ನೀಲಕಂಠನನ್ನು ಕೇಳಿದ. ಉತ್ತರಕ್ಕೆ ಕಾಯದೆ, ಹೆಗಲ ಮೇಲಿನ ಟಾವೆಲ್ ತೆಗೆದು ಪರದೆಯ ಆ ಬಿಳುಪನ್ನು ಒರೆಸತೊಡಗಿದ, ಮೆಲ್ಲಗೆ, ನಡುವಿನಿಂದ ಅಂಚಿನತ್ತ.