ಮೂರನೆಯ ಶೀಟು

ಹಂಡೆಯಮ್ಮನ ಅಳಿಯನಿಗೆ ಒಂದು ಚಾಳಿ ಇತ್ತು. ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಸೂರು ನೋಡುತ್ತಿದ್ದ. ಸೂರು ಹೊದಿಸುವುದೇ ಅವನ ಕಸುಬು, ಅದೂ ಫೈಬರ್‌ಗ್ಲಾಸ್ ಶೀಟಿನಲ್ಲಿ. ಮದುವೆಯ ಮಾತಿಗೆ ಬಂದ ದಿನ ಹುಡುಗಿಯನ್ನು ನೋಡಿದ್ದಕ್ಕಿಂತ ಅವರ ಬಣ್ಣದ ಮನೆಯ ತಗಡು ನೋಡಿದ್ದೇ ಹೆಚ್ಚು. ಮಗಳನ್ನು ಒಪ್ಪಿದ, ತಗಡನ್ನು ಮಾತ್ರ ಇವತ್ತಿಗೂ ಒಪ್ಪಿಲ್ಲ ಎಂದು ಹಂಡೆಯಮ್ಮ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಅವಳು ಬಟ್ಟೆಗೆ ಬಣ್ಣ ಹಾಕುವವಳು. ಮೂವತ್ತೆರಡು ವರ್ಷ ಕುದಿಯುವ ಹಂಡೆಯ ಪಕ್ಕ ನಿಂತೂ ನಿಂತೂ ಓಣಿಯವರ ಬಾಯಲ್ಲಿ ಹೆಸರೇ ಹಾಗಾಗಿಬಿಟ್ಟಿತ್ತು. ತಕ್ಕಡಿ ಏನಿದ್ದರೂ ಪುಡಿ ತೂಗುವುದಕ್ಕೆ; ಬಣ್ಣ ಕೂಡಿತೋ ಇಲ್ಲವೋ ಎಂದು ಹೇಳುವುದು ಅವಳ ಕಣ್ಣು. ಕೋಲಿನಿಂದ ಒದ್ದೆ ಬಟ್ಟೆಯ ಅಂಚು ಎತ್ತಿ ನೋಡಿ, ‘ಇನ್ನೂ ಹಸಿದಿದೆ’ ಎನ್ನುವಳು, ಇಲ್ಲವೇ ‘ಹೊಟ್ಟೆ ತುಂಬಿತು, ತೆಗಿ’ ಎನ್ನುವಳು. ಅದರ ಮೇಲೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ.

ಅಂಥವಳ ನಲವತ್ತು ಪರದೆಗಳು ವಾಪಸು ಬಂದವು. ಇಪ್ಪತ್ತು ಒಂದು ಬಗೆಯ ನೇರಳೆ, ಇನ್ನಿಪ್ಪತ್ತು ಬೇರೆ ನೇರಳೆ ಎಂದ ಪರದೆ ಅಂಗಡಿಯವನು. ‘ಅಳಿಯ ಅಲ್ಲ, ಮಗಳ ಗಂಡ’ ಅಂದ ಹಾಗಾಯಿತು ನಿನ್ನ ಮಾತು, ಎರಡೂ ಒಂದೇ ಎಂದು ಅವಳು ಟೊಂಕ ಕಟ್ಟಿ ಜಗಳಕ್ಕೆ ನಿಂತಳು. ಅವನು ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಪಾಪ ಎನ್ನುವ ಹಾಗೆ ಮುಖ ನೋಡಿ, ಗಂಟು ಇಳಿಸಿ ಹೋದ. ಎರಡು ತಿಂಗಳಲ್ಲಿ ಹೀಗಾಗಿದ್ದು ಇದು ಎರಡನೆಯ ಸಲ.

ಗಂಟನ್ನು ಬೀದಿಯ ಬಿಸಿಲಿಗೆ ಒಯ್ದು ಬಿಚ್ಚಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗು ಎಂದು ಮಗಳು ಗೋಗರೆದಳು. ಹೋದರೆ ಇರುವ ಸಂಗತಿ ಹೇಳಿಬಿಡುತ್ತಾರಲ್ಲ ಎಂಬ ಹೆದರಿಕೆ. ಕೊನೆಗೊಂದು ಬೆಳಿಗ್ಗೆ, ಈ ತಿಂಗಳು ಮುಗಿದ ಮೇಲೆ ಹಂಡೆ ಮುಟ್ಟುವುದಿಲ್ಲ ಎಂದುಬಿಟ್ಟಳು. ಅಂದರೆ ಬಣ್ಣದ ಮನೆಗೆ ಬೀಗ. ಮಗಳಿಗೆ ಕೈ ಚುರುಕಿತ್ತೇ ಹೊರತು ಆ ಕಣ್ಣಿರಲಿಲ್ಲ, ಅದು ಮೂವರಿಗೂ ಗೊತ್ತಿತ್ತು.

ಅಳಿಯ ಮಾತ್ರ ಪಟ್ಟು ಬಿಡಲಿಲ್ಲ. ತಪ್ಪು ಕಣ್ಣಿನದಲ್ಲ, ಸೂರಿನದು ಎಂದ. ಓಣಿಯ ಎರಡೂ ಬದಿಗೆ ಮೂರು ಮೂರು ಅಂತಸ್ತು ಎದ್ದು ನಿಂತಿವೆ, ಬೆಳಕು ಬಂದರೆ ನೆತ್ತಿಯ ಮೇಲಿಂದಲೇ ಬರಬೇಕು, ಅಲ್ಲಿ ನೋಡಿದರೆ ಮಸಿ ಹಿಡಿದ ತಗಡು ಎಂದ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಹಂಡೆಯಮ್ಮ. “ನಾನು ಸೂರು ಡೊಂಕು ಅನ್ನೋದು ಬೇಡ, ಅಳಿಯಂದ್ರೇ.”

ಅವನು ಏಣಿ ಹತ್ತಿ ತೊಲೆಗೆ ಹೆಬ್ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು. ಇದು ಮರದ ಗತಿ, ಹಬೆ ಕುಡಿದೂ ಕುಡಿದೂ ಹೀಗಾಗಿದೆ ಎಂದ. ತಗಡನ್ನು ಬಣ್ಣಕ್ಕೆ ಹಾಕುವ ಉಪ್ಪಿನ ಹಬೆ ತಿಂದು, ತುಕ್ಕಿನ ಹನಿ ಬಟ್ಟೆಯ ಮೇಲೆ ಬೀಳುತ್ತಿದೆ. ಹೆಂಚು ಹೊದಿಸೋಣವೆಂದರೆ ಈ ಗೋಡೆ ಭಾರ ತಾಳುವುದಿಲ್ಲ, ಕಾಂಕ್ರೀಟಿನ ಮಾತಂತೂ ಎತ್ತುವುದೇ ಬೇಡ. ತನ್ನ ಶೀಟಾದರೆ ಒಬ್ಬನೇ ಹೊತ್ತು ಹತ್ತಬಹುದು. ತುಕ್ಕಿಲ್ಲ, ಗೆದ್ದಲಿಲ್ಲ, ನೀರು ಕುಡಿಯುವುದಿಲ್ಲ. ಕರೆಂಟೂ ಹರಿಯುವುದಿಲ್ಲ, ಒದ್ದೆ ನೆಲದ ಮೇಲೆ ನಿಂತು ತಗಡಿಗೆ ತಾಗಿದ ತಂತಿ ನೋಡಿ ಹೆದರಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಬೆಳಕನ್ನು ಒಳಗೆ ಬಿಡುತ್ತದೆ.

ಇಷ್ಟೆಲ್ಲ ಮಾಡುವ ಶೀಟು ಪಾತ್ರೆಯನ್ನೂ ತೊಳೆಯುತ್ತದೆಯೋ ಎಂದು ಅತ್ತೆ ಕೇಳಿದಳು. ಅದೊಂದು ಬಿಟ್ಟು, ಎಂದ ಅಳಿಯ ತಲೆ ಕೆರೆದುಕೊಂಡು. ಕೊಯ್ಯುವಾಗ ಅದರ ಪುಡಿ ಮೈಗೆ ತಾಗಿದರೆ ದಿನವಿಡೀ ತುರಿಕೆ, ಬಿಸಿಲಿಗೆ ಹತ್ತು ಹದಿನೈದು ವರ್ಷದಲ್ಲಿ ಕೊಂಚ ಹಳದಿಯೂ ಆದೀತು ಎಂದು ಒಪ್ಪಿಕೊಂಡ. ಈ ಮಾತು ಅವಳಿಗೆ ಹಿಡಿಸಿತು. ತಾನು ಮಾರುವ ಸಾಮಾನಿನ ಊನ ತಾನೇ ಹೇಳುವವನು ಸುಳ್ಳನಾಗಿರಲಾರ. ನನಗಲ್ಲದಿದ್ದರೂ ನಿಮ್ಮ ಹೆಂಡತಿಗಾದರೂ ಒಳ್ಳೆಯ ಸೂರು ಇರಲಿ, ಹಾಕಿ ಎಂದಳು.

ಮೈತುಂಬ ಬಟ್ಟೆ ಸುತ್ತಿಕೊಂಡು ಅವನು ಎರಡೇ ದಿನದಲ್ಲಿ ಕೆಲಸ ಮುಗಿಸಿದ. ತೊಲೆಗಳೂ ಫೈಬರಿನವೇ. ಮೇಲೆ ಹಾಲು ಬಿಳುಪಿನ ಆರು ಶೀಟು. ಮಧ್ಯಾಹ್ನ ಹಂಡೆಯಮ್ಮ ಒಳಗೆ ಕಾಲಿಟ್ಟಳು, ಹಾಗೇ ನಿಂತುಬಿಟ್ಟಳು. ತನ್ನ ಬಣ್ಣದ ಮನೆಗೆ ನಾಲ್ಕು ಮೂಲೆ ಇರುವುದೇ ಅವಳಿಗೆ ಮರೆತುಹೋಗಿತ್ತು. ನಾಲ್ಕರಲ್ಲೂ ಜೇಡರ ಬಲೆ ಕಂಡು ಮೊದಲು ಮಗಳಿಗೆ ಬೈದಳು. ಆಮೇಲೆ ಬಿಳಿ ಬಟ್ಟೆಯ ಥಾನೊಂದನ್ನು ಮೇಜಿನ ಉದ್ದಕ್ಕೂ ಹಾಸಿ, ಒಂದೊಂದು ಶೀಟಿನಿಂದ ಅದರ ಮೇಲೆ ಬಿದ್ದ ಬೆಳಕನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಮೂರನೇ ಶೀಟು ಹಸಿರು,” ಎಂದಳು.

ಅಳಿಯ ನಕ್ಕ. ಆರೂ ಒಂದೇ ಬಿಳಿ, ತಾನೇ ಗೋದಾಮಿನಿಂದ ಎಣಿಸಿ ತಂದದ್ದು ಎಂದ. ಮಗಳು ಸೂರು ನೋಡಿದಳು, ಬಟ್ಟೆ ನೋಡಿದಳು. ಅವಳಿಗೂ ಬಿಳಿಯೇ ಕಂಡಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹಂಡೆಯಮ್ಮನಿಗೆ ಅದು ಕಾಣದೇ ಇರುತ್ತದೆಯೇ? ಅಂಗಡಿಯವನ ಮುಖದಲ್ಲಿದ್ದ ಅದೇ ಮರುಕ. ಮಗುಚಿ ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು.

“ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನನ್ನದಕ್ಕೆ ಹಸಿರು,” ಎಂದಳು. “ಸಾಕು. ಇನ್ನು ಬೀಗ ಹುಡುಕಿ.”

ಮಗಳ ಕಣ್ಣು ತುಂಬಿತು. ಅಳಿಯ ಮತ್ತೆ ಏಣಿ ಹತ್ತಿದ. ಹಾಕಿದ ಶೀಟು ಬಿಚ್ಚುವುದೆಂದರೆ ಅವನ ಕಸುಬಿನಲ್ಲಿ ಮಾನ ಹೋದ ಹಾಗೆ, ಆದರೂ ಬಿಚ್ಚಿದ. ಎರಡನೆಯದನ್ನೂ ಮೂರನೆಯದನ್ನೂ ಕೆಳಗಿಳಿಸಿ, ಗೋಡೆಗೆ ಜೋಡಿಸಿ ನಿಲ್ಲಿಸಿ, ಮಂಡಿಯೂರಿ ಕೊಯ್ದ ಅಂಚುಗಳನ್ನು ನೋಡಿದ. ಎದುರಿಂದ ನೋಡಿದರೆ ಬೆಳಕು ಹಾದು ಬರುವ ದಪ್ಪ ಬೆರಳಿನ ಉಗುರಿಗಿಂತ ಹೆಚ್ಚಿಲ್ಲ, ಬಣ್ಣವಿದ್ದರೂ ತಿಳಿಯದು. ಅಂಚಿನಿಂದ ನೋಡಿದರೆ ಒಳಗಿನ ಬಣ್ಣವೆಲ್ಲ ಒಂದೆಡೆ ಒಟ್ಟಾಗಿ ಕಾಣುತ್ತದೆ. ಎರಡನೆಯದರ ಅಂಚು ಹಾಲಿನಂತಿತ್ತು. ಮೂರನೆಯದರದು ಎಳೆ ಸೌತೆಕಾಯಿಯಂತೆ ತಿಳಿಹಸಿರು. ಅದರ ಮೂಲೆಯಲ್ಲಿದ್ದ ಚೀಟಿ ತಿರುಗಿಸಿ ಓದಿದ, ಉಳಿದವುಗಳ ಚೀಟಿಯನ್ನೂ ಓದಿದ. ಐದು ಶೀಟಿನ ನಂಬರು ಒಂದಾದರೆ ಇದರದು ಬೇರೆ. ಗೋದಾಮಿನವರು ಬೇರೆ ಸಲ ಎರಕ ಹೊಯ್ದದ್ದೊಂದನ್ನು ಸೇರಿಸಿಬಿಟ್ಟಿದ್ದರು.

“ಅತ್ತೆ,” ಎಂದ, ನೆಲದಿಂದ ಏಳದೆ. “ಎಂಟು ವರ್ಷದಿಂದ ನನಗೆ ಇದೇ ಕೆಲಸ. ಹೊತ್ತವನು ನಾನು, ಕೊಯ್ದವನು ನಾನು. ನನಗೇ ಕಾಣಲಿಲ್ಲ. ನೀವು ಅಲ್ಲಿ ನಿಂತು ಹೇಳಿಬಿಟ್ರಿ.”

ಹಂಡೆಯಮ್ಮ ಎದ್ದು ಬಂದು ಎರಡೂ ಅಂಚು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಅಳಿಯನ ಎದುರಿಗೆ ಎಂಬ ಸಂಕೋಚವನ್ನೂ ಬಿಟ್ಟು ಗೊಳೋ ಎಂದು ಅತ್ತಳು. ಎರಡು ತಿಂಗಳು ಯಾರಿಗೂ ಹೇಳದೆ ನುಂಗಿಕೊಂಡ ಹೆದರಿಕೆ ಅದು. ಮಗಳು ಬೆನ್ನು ಸವರುತ್ತ ನಿಂತಳು.

ಅಳು ನಿಂತ ಮೇಲೆ ಮೂಲೆಯಲ್ಲಿದ್ದ ಪರದೆಗಳ ಗಂಟನ್ನು ತಾನೇ ಎಳೆದು ತಂದಳು. ಮುಟ್ಟದೆ ಬಿಟ್ಟ ಗಂಟು ಗಟ್ಟಿಯಾಗಿತ್ತು, ಹಲ್ಲಿನಿಂದ ಬಿಚ್ಚಿದಳು. ಎರಡು ಪರದೆಗಳನ್ನು ಬೆಳಕಿನಲ್ಲಿ ಪಕ್ಕ ಪಕ್ಕ ಹಾಸಿದಳಷ್ಟೆ, ಮರುಕ್ಷಣವೇ ಅವಳ ಮುಖ ಅರಳಿತು. ತನ್ನ ತಪ್ಪು ತಾನೇ ಕಂಡು ಅಷ್ಟು ಹಿಗ್ಗಿದವಳನ್ನು ಆ ಓಣಿ ಹಿಂದೆ ಕಂಡಿರಲಿಲ್ಲ.

“ಎರಡೂ ಬೇರೆ ಕಣೇ!” ಎಂದಳು ಮಗಳಿಗೆ. “ಅಂಗಡಿಯವನು ಹೇಳಿದ್ದೇ ನಿಜ. ಇವು ಇಪ್ಪತ್ತೂ ಇನ್ನೂ ಹಸಿದಿವೆ. ಒಲೆ ಹೊತ್ತಿಸು.”