ಗಾಳಿಗೆ ಅಡ್ಡವಾದ ಮೀಸೆ

ದೊಮ್ಮಲೂರಿನ ಕೆಂಪರಾಜನಿಗೆ ಅಪ್ಪ ಕಟ್ಟಿಸಿದ ಮನೆಗಳ ಬಾಡಿಗೆ ಬರುತ್ತಿದ್ದುದರಿಂದ ಅವಸರದ ಕೆಲಸವೇನೂ ಇರಲಿಲ್ಲ. ಆದರೂ ತೊಂಬತ್ತೇಳನೇ ಇಸವಿಯಲ್ಲಿ, ವಯಸ್ಸು ನಲವತ್ತರ ಹತ್ತಿರ ಬಂದಾಗ, ಅವನಿಗೆ ವೇಗದ ಹುಚ್ಚು ಹತ್ತಿತು. ರೇಸ್ ಸೈಕಲ್ ಕೊಂಡು, ಕೃಷ್ಣರಾಜಪುರದಿಂದ ಹೊಸಕೋಟೆಗೆ ನಡೆಯಲಿದ್ದ ಪಂದ್ಯಕ್ಕೆ ಹೆಸರು ಕೊಟ್ಟ.

ತಡೆಯುವುದು ರಸ್ತೆಯಲ್ಲ, ಗಾಳಿ. ಮೈ ಬಗ್ಗಿಸಿ ತುಳಿಯಿರಿ, ದೊಗಲೆ ಅಂಗಿ ಬಿಡಿ ಎಂದಷ್ಟೇ ಶಿವಾಜಿನಗರದ ಸೈಕಲ್ ಅಂಗಡಿಯ ನಯಾಜ್ ಹೇಳಿದ್ದ. ಕೆಂಪರಾಜ ಅಂಗಿ ಬಿಟ್ಟು ಮೈಗಂಟುವ ಕರಿ ಉಡುಪು ತೊಟ್ಟ. ತಲೆ ಬೋಳಿಸಿಕೊಂಡ. ಅದೂ ಸಾಲದೆಂದು, ಯಾರನ್ನೂ ಕೇಳದೆ, ಮೀಸೆಯನ್ನೂ ತೆಗೆಸಿದ.

ಅವರ ಕಡೆ ಅಪ್ಪ ತೀರಿಕೊಂಡರಲ್ಲದೆ ಯಾರೂ ಮೀಸೆ ಬೋಳಿಸುವುದಿಲ್ಲ. ಅವನ ಅಪ್ಪ ಮುನಿಆಂಜನಪ್ಪ ಹೆಂಡತಿಯೊಡನೆ ನಾಲ್ಕು ದಿನಕ್ಕೆಂದು ಹೋಗಿ, ಕಲ್ಯಾಣ ನಗರದ ಮಗಳು ರಮ್ಯಳ ಮನೆಯಲ್ಲಿ ಗುಂಡುಕಲ್ಲಿನಂತಿದ್ದರು.

ಪಂದ್ಯದ ಬೆಳಿಗ್ಗೆ ಚಿಕ್ಕಪ್ಪ ಮುನಿರಾಜಪ್ಪ ಹಾಲಿನ ಬೂತಿನ ಬಳಿ ಆ ಬೋಳು ಮುಖ ಕಂಡು ಹೌಹಾರಿ, ಅಣ್ಣ ಹೇಗಿದ್ದಾನೆಂದು ಕೂಗಿ ಕೇಳಿದ. ನಿಂತರೆ ವೇಗ ಹೋದೀತೆಂದು ಕೆಂಪರಾಜ ತಲೆಯೆತ್ತದೆ, ಒಂದು ಕೈ ಮಾತ್ರ ಮೇಲೆತ್ತಿ ಮುಂದೆ ಹೋದ.

ಅಣ್ಣ ಮೇಲೆ ಹೋದನೆಂದು ತಿಳಿಯಲು ಮುನಿರಾಜಪ್ಪನಿಗೆ ಅಷ್ಟೇ ಸಾಕಾಯಿತು. ಅಣ್ಣನ ಮಕ್ಕಳು ರಮ್ಯಳ ಮನೆಯಲ್ಲಿ ಗುಟ್ಟಾಗಿ ಉತ್ತರಕ್ರಿಯೆ ಮುಗಿಸಿ ಆಸ್ತಿ ಬರೆಸಿಕೊಂಡಿದ್ದಾರೆಂದು ನೆಂಟರಿಗೆಲ್ಲ ಸಾರಿದ. ನೆಂಟರು ಹಾರ ಹಿಡಿದು ಬಂದರು. ಬೀಗ ಹಾಕಿದ್ದ ದೊಮ್ಮಲೂರಿನ ಮನೆಯ ಮುಂದೆ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಹಿತ್ತಿಲ ಖಾಲಿ ಜಾಗಕ್ಕೆ ಹೋಗಿ, ಗೂಟ ಹೊಡೆದು, ಹಗ್ಗ ಎಳೆದು ತಮ್ಮ ಪಾಲು ಅಳೆಯತೊಡಗಿದರು.

ಮಧ್ಯಾಹ್ನ ಮಗಳ ಮನೆಯಿಂದ ಹಿಂದಿರುಗಿದ ಮುನಿಆಂಜನಪ್ಪ ಆಟೋದಿಂದ ಇಳಿದರು. ಹಾರಗಳನ್ನು ನೋಡಿ, ಯಾರು ಹೋದರೆಂದು ಕೇಳಿದರು. ಒಬ್ಬ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಮುದುಕರಿಗೆ ಅರ್ಥವಾಯಿತು.

“ಗೂಟ ಕಿತ್ತಾಕು ಮುನಿರಾಜ. ನಾನ್ ಹೋದ್ಮೇಲೆ ಹೊಡೀವಂತೆ.”

ಹಿಂದೆಯೇ ಬಂದ ಹೆಂಡತಿ ಆಂಜನಮ್ಮ ಬಾಗಿಲ ಬೀಗ ತೆಗೆಯುತ್ತ ಹೇಳಿದರು: “ಅಳಕ್ ಬಂದೋರು ಕೂತ್ಕೊಳ್ಳಿ, ಕಾಫಿ ಮಾಡ್ತೀನಿ. ಅಳೆಯಕ್ ಬಂದೋರು ಹೊರಡ್ಬೋದು.”

ಎಲ್ಲರೂ ಕೂತರು. ಮುನಿರಾಜಪ್ಪ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳಿ ಹಾಕಿಸಿಕೊಂಡ.

ಅಷ್ಟರಲ್ಲಿ ಕೆಂಪರಾಜ ಬಂದ. ಕರಿ ಉಡುಪು, ಬೋಳು ಮುಖ ನೋಡಿ ತಾಯಿ ಹಣೆ ಚಚ್ಚಿಕೊಂಡರು. ಗೆದ್ದೆಯಾ ಎಂದು ಅಪ್ಪ ಕೇಳಿದರು. ಕೊನೆಯವನಿಗಿಂತ ಒಂದು ಸ್ಥಾನ ಮುಂದಿದ್ದೆ ಎಂದ.

“ಎದುರುಗಾಳಿ ಜಾಸ್ತಿ ಇತ್ತಪ್ಪ.”

ಮುಂದಿನ ತಿಂಗಳು ಮುನಿಆಂಜನಪ್ಪ ಹಿತ್ತಿಲ ಜಾಗವನ್ನು ರಮ್ಯಳ ಹೆಸರಿಗೆ ಮಾಡಿಸಿದರು. ಅಂದಿನಿಂದ ಮುನಿರಾಜಪ್ಪ ಅಣ್ಣನೊಡನೆ ಚೆನ್ನಾಗಿಯೇ ಇದ್ದಾನೆ. ಮೀಸೆ ಬೋಳಿಸಿ ಮೋಸ ಮಾಡಿದನೆಂದು ಮಾತು ಬಿಟ್ಟಿರುವುದು ಕೆಂಪರಾಜನೊಡನೆ.