ಆಮೆಯ ವರ್ಷದ ನೀರು

ಆ ಮನೆಯಲ್ಲಿ ಸ್ನಾನದ ನೀರು ಮೂರು ಸಲ ಕೆಲಸ ಮಾಡುತ್ತಿತ್ತು. ಮೈ ತೊಳೆದ ನೀರು ಬೋಗುಣಿಗೆ ಬೀಳಬೇಕು, ಬೋಗುಣಿಯ ನೀರಲ್ಲಿ ನೆಲ ಒರೆಸಬೇಕು, ನೆಲ ಒರೆಸಿದ್ದು ಅಂಗಳದ ದಾಳಿಂಬೆ ಗಿಡದ ಬುಡಕ್ಕೆ ಹೋಗಬೇಕು. ಒತಿಲಿಯಾಳಿಗೆ ಈಗ ಅರವತ್ತೆಂಟು. ಮನೆಗೆ ನಲ್ಲಿ ಬಂದೇ ಹದಿನೆಂಟು ವರ್ಷವಾಯಿತು. ಆದರೂ ನಲ್ಲಿ ತಿರುಗಿಸಿದಾಗೆಲ್ಲ ಹಿಂದೆ ನಿಂತು ಯಾರೋ ಗೊಣಗಿದ ಹಾಗಾಗುತ್ತದೆ. ಯಾರೋ ಏನು, ಅತ್ತೆಯೇ. ದೊನ್ಯಾ ಲಿಬ್ರಾದಾ ತೀರಿಕೊಂಡು ಇಪ್ಪತ್ತಾರು ವರ್ಷವಾದರೂ ಆ ಮನೆಯ ನೀರಿನ ಯಜಮಾನಿಕೆಯನ್ನು ಸೊಸೆಗೆ ಬಿಟ್ಟುಕೊಟ್ಟಿಲ್ಲ.

ಮೇ ತಿಂಗಳ ಬಿಸಿಗಾಳಿ ಬೀಸತೊಡಗಿದರೆ ಒತಿಲಿಯಾಳಿಗೆ ಆ ಮೊದಲ ಬೇಸಿಗೆ ನೆನಪಾಗುತ್ತದೆ. ಸುಮ್ಮನೆ ನೆನಪಾಗಿ ಹೋಗುವುದಿಲ್ಲ, ಎದೆಯ ಮೇಲೆ ಕೂತುಬಿಡುತ್ತದೆ. ಅತ್ತೆ ಇನ್ನೊಂದು ದಿನ ಇದ್ದಿದ್ದರೆ, ಇನ್ನೊಂದು ಸಂಜೆ ಬೈದಿದ್ದರೆ ಎನಿಸುತ್ತದೆ.

ಆಗ ಅವಳಿಗೆ ಇಪ್ಪತ್ತೊಂದು. ದೇಶದ ದಕ್ಷಿಣದ ತಬಾಸ್ಕೊದ ಹೊಳೆದಂಡೆಯವಳು. ಅಲ್ಲಿ ಮಳೆ ಎರಡು ದಿನ ನಿಂತರೆ ಜನ ಬಾಗಿಲಿಗೆ ಬಂದು, ಏನಾಯಿತಪ್ಪ ಎಂದು ಆಕಾಶ ನೋಡುತ್ತಾರೆ. ರಸ್ತೆ ಕೆಲಸಕ್ಕೆಂದು ಆ ಕಡೆ ಬಂದಿದ್ದ ನಬೋರ್ ಎಂಬ ಉದ್ದನೆಯ ಆಸಾಮಿ ಅವಳನ್ನು ಮೆಚ್ಚಿ, ಮದುವೆಯಾಗಿ, ನಾಲ್ಕು ಬಸ್ಸು ಬದಲಿಸಿ ಉತ್ತರ ತುದಿಯ ಸೊನೋರಾದ ಮರಳುಗಾಡಿನ ನಡುವೆ ತಂದಿಳಿಸಿದ. ಬತಾಮೊತೆ ಎಂಬ ಹಟ್ಟಿ. ಮೂರು ಕೋಣೆಯ ಮಣ್ಣಿನ ಮನೆ, ಒಂದು ಬಾವಿ, ಬಾವಿಯ ಮೇಲೆ ನೀರೆತ್ತುವ ಗಾಳಿಯಂತ್ರ, ಹನ್ನೊಂದು ದನ. ನಬೋರನ ಕಸುಬು ಊರೂರ ಗಾಳಿಯಂತ್ರ ರಿಪೇರಿ ಮಾಡುವುದು. ಹೆಂಡತಿಯನ್ನು ತಾಯಿಯ ಕೈಗೊಪ್ಪಿಸಿ, ಹತ್ತನೇ ದಿನಕ್ಕೆ ಸ್ಪ್ಯಾನರು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ. ತನ್ನ ಮನೆಯ ಯಂತ್ರಕ್ಕೆ ಎಣ್ಣೆ ಹಾಕಲು ಮಾತ್ರ ಆ ಪುಣ್ಯಾತ್ಮನಿಗೆ ಪುರುಸೊತ್ತಿರಲಿಲ್ಲ.

ಉಳಿದವರು ಅತ್ತೆ, ಸೊಸೆ. ಮತ್ತೆ ಕಾಡಿನ ಸಮಸ್ತ ಪ್ರಾಣಿಗಳು. ಬೆಳಗ್ಗೆ ಚಪ್ಪಲಿ ಕೊಡವಿಯೇ ಮೆಟ್ಟಬೇಕು, ಇಲ್ಲದಿದ್ದರೆ ಚೇಳು. ಸಂಜೆ ಬಾವಿಯ ತೊಟ್ಟಿಗೆ ಮೊದಲು ದನ, ಆಮೇಲೆ ಮೂತಿ ಮುಂದೆ ಮಾಡಿಕೊಂಡ ಕಾಡುಹಂದಿಗಳ ಸಂಸಾರ. ಮೊದಲನೇ ವಾರವೇ ನೀರಿನ ಗಡಿಗೆಯ ತಂಪಿನಲ್ಲಿ ಗಿಲಕಿ ಹಾವೊಂದು ಸುತ್ತಿ ಮಲಗಿ, ಬಾಲ ಅಲ್ಲಾಡಿಸಿ ಸದ್ದು ಮಾಡಿತು. ಒತಿಲಿಯಾ ಮೇಜು ಹತ್ತಿದಳು. ಅತ್ತೆ ಉದ್ದನೆಯ ಕೋಲು ತಂದು, ಮೊಂಡು ಕರುವನ್ನು ಅಟ್ಟುವವಳಂತೆ, "ನಡಿ ನಡಿ, ಇಲ್ಲೇನಿದೆ ನಿಂದು" ಎನ್ನುತ್ತ ಅದನ್ನು ಹೊಸ್ತಿಲು ದಾಟಿಸಿದಳು.

"ಕೊಲ್ಲೋದಿಲ್ವಾ ಅತ್ತೆ?"

"ಯಾಕೆ ಕೊಲ್ಲಲಿ? ಇಲಿ ಹಿಡಿಯೋಕೆ ನೀನು ಬರ್ತೀಯಾ?"

ಅತ್ತೆಯ ಮಾತೇ ಹಾಗೆ, ಒಣಮಾಂಸದ ಹಾಗೆ, ಅಗಿದಷ್ಟೂ ಗಟ್ಟಿ. ಒತಿಲಿಯಾ ಅಗಿಯಲಾರದೆ ಸೋತಳು. ಮೈಯ ಚರ್ಮ ಬಿರಿಯಿತು, ತುಟಿ ಒಡೆಯಿತು, ಕನಸಿನಲ್ಲೆಲ್ಲ ಹೊಳೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಅವಳು ನಿಶ್ಚಯ ಮಾಡಿದಳು, ತವರಿಗೆ ಹೋಗಿಬಿಡುವುದೆಂದು. ಮತ್ತೆ ಬರುವುದಿಲ್ಲವೆಂದು. ದೊಡ್ಡ ರಸ್ತೆಯಲ್ಲಿ ಗುರುವಾರಕ್ಕೊಂದು ಬಸ್ಸು. ಆ ಗುರುವಾರ ಅತ್ತೆ ದನದ ಹಿಂದೆ ಹೋದ ಹೊತ್ತು ನೋಡಿ, ಇದ್ದುದರಲ್ಲಿ ಒಳ್ಳೆಯ ಲಂಗ ಉಟ್ಟು, ಚೀಲ ಹಿಡಿದು ಮನೆ ಬಿಟ್ಟಳು.

ಅರ್ಧ ದಾರಿಯಲ್ಲಿ, ಗುಡ್ಡದ ಬುಡದಲ್ಲಿ, ಚಕ್ರದ ಜಾಡಿನ ನಟ್ಟನಡುವೆ ಒಂದು ಆಮೆ. ಬಾಣಲೆಯಷ್ಟು ದೊಡ್ಡದು. ಬಿಸಿಲು ಸುರಿಯುತ್ತಿತ್ತು. ಯಾವುದಾದರೂ ಲಾರಿ ಬಂದರೆ ಅದರ ಕತೆ ಮುಗಿದಂತೆಯೇ. ಹೊಳೆದಂಡೆಯ ಹುಡುಗಿಗೆ ಆಮೆ ಹೊಸದೇ? ಎರಡು ಕೈಯಲ್ಲಿ ಎತ್ತಿ ಎದೆಗವಚಿಕೊಂಡಳು, ಪಕ್ಕದ ನೆರಳಿಗೆ ಬಿಡೋಣವೆಂದು. ಆಮೆ ಹೆದರಿ ಕಾಲಾಡಿಸಿತು, ಆಮೇಲೆ ಅದರ ಮೈಯಿಂದ ನೀರು ಬಂತು. ಬಂತು ಎಂದರೆ ಬರುತ್ತಲೇ ಇತ್ತು. ರವಿಕೆ, ಲಂಗ, ಚೀಲ ಎಲ್ಲ ತೊಯ್ದು ನಾತ ಹೊಡೆಯಿತು. ಆ ಅವತಾರದಲ್ಲಿ ಬಸ್ಸು ಹತ್ತುವುದು ಹೇಗೆ? ಆಮೆಯನ್ನು ಕೆಳಗಿಡಲೂ ತೋಚದೆ ಒತಿಲಿಯಾ ಅದನ್ನೂ ಚೀಲವನ್ನೂ ಹೊತ್ತು, ಕಣ್ಣೀರು ಸುರಿಸುತ್ತ ಮನೆಗೆ ವಾಪಸಾದಳು.

ಅತ್ತೆ ಅಂಗಳದಲ್ಲಿದ್ದಳು. ಸೊಸೆಯ ಒದ್ದೆ ಲಂಗ ನೋಡಿದಳು, ಆಮೆ ನೋಡಿದಳು, ಚೀಲವನ್ನೂ ನೋಡಿದಳು. ಚೀಲದ ಮಾತೆತ್ತಲಿಲ್ಲ.

"ಎಲ್ಲಿಂದ ಎತ್ತಿದೆ ಇದನ್ನ?"

"ಗುಡ್ಡದ ಹತ್ರ. ದಾರಿ ಮಧ್ಯ ಇತ್ತು."

"ನಿಮ್ಮೂರಲ್ಲಿ ಆಮೆ ಕಂಡ್ರೆ ಎತ್ತಿಕೊಳ್ತಾರಾ?"

"ಎತ್ತಿಕೊಂಡು ಸಾರು ಮಾಡ್ತಾರೆ" ಎಂದುಬಿಟ್ಟಳು ಒತಿಲಿಯಾ, ಅಳುವಿನ ನಡುವೆಯೇ.

ಅತ್ತೆ ಒದ್ದೆ ಲಂಗದ ಕಡೆ ಕೈ ತೋರಿದಳು. "ಹುಡುಗಿ, ನಿನ್ನ ಮೈಮೇಲೆ ಚೆಲ್ಲಿದ್ದು ಬರೀ ಉಚ್ಚೆಯಲ್ಲ. ಹೋದ ಮಳೆಗಾಲದಲ್ಲಿ ಕುಡಿದಿಟ್ಟ ನೀರು ಅದು. ಇದರ ಒಂದು ವರ್ಷದ ನೀರು. ಅಷ್ಟರಲ್ಲೇ ಮುಂದಿನ ಮಳೆವರೆಗೆ ಜೀವ ಹಿಡಿಬೇಕಿತ್ತು. ಮಳೆ ಬರೋದು ಜುಲೈಗೆ."

"ನಾನು ಒಳ್ಳೇದು ಮಾಡೋಣ ಅಂತ..."

"ಗೊತ್ತು. ಕೆಟ್ಟದು ಮಾಡೋರು ಯಾರೂ ಅದನ್ನ ಅಷ್ಟು ಜೋಪಾನವಾಗಿ ಎತ್ತಿಕೊಂಡು ಬರಲ್ಲ." ಅತ್ತೆ ಮುಸುಕು ಬಿಗಿದುಕೊಂಡು ಎದ್ದಳು. "ನಮ್ಮಲ್ಲಿ ಆಮೆಯ ನೀರು ಚೆಲ್ಲಿದೋರು ಮಳೆ ಬರೋ ತನಕ ಅದಕ್ಕೆ ನೀರು ಹೊರಬೇಕು. ನನ್ನ ಗಂಡನೂ ಒಂದ್ಸಲ ಹೊತ್ತಿದ್ದ. ನಾನೂ ಹೊತ್ತಿದ್ದೀನಿ. ಮಳೆ ಬಂದಮೇಲೂ ಗುರುವಾರ ಬರುತ್ತೆ, ಬಸ್ಸೂ ಬರುತ್ತೆ."

ಒತಿಲಿಯಾ ನಾಚಿಕೆಯಿಂದ ಭೂಮಿಗಿಳಿದು ಹೋದಳು.

ಆಮೆಯನ್ನು ಎತ್ತಿದಲ್ಲಿಗೇ ಒಯ್ದು ಬಿಟ್ಟರು. ಅದು ಸ್ವಲ್ಪ ಹೊತ್ತು ಕಲ್ಲಿನಂತಿದ್ದು, ಆಮೇಲೆ ಬಂಡೆಯಡಿಯ ತನ್ನ ಬಿಲಕ್ಕೆ ತೆವಳಿತು. ಬಿಲದ ಹತ್ತಿರ ಹೋಗಕೂಡದು, ಹೆದರಿದರೆ ಉಳಿದ ಹನಿಯನ್ನೂ ಚೆಲ್ಲುತ್ತದೆ, ಇಪ್ಪತ್ತು ಹೆಜ್ಜೆ ದೂರದ ಮೆಸ್ಕೀತೆ ಮರದ ನೆರಳಲ್ಲಿ ತಟ್ಟೆ ಇಟ್ಟು ಬರಬೇಕು ಎಂದು ಅತ್ತೆ ಕಟ್ಟಪ್ಪಣೆ ಮಾಡಿದಳು. ತುಕ್ಕು ಹಿಡಿದ ಎನಾಮಲ್ ತಟ್ಟೆಯೊಂದನ್ನು ಅಲ್ಲಿ ಅಂಚಿನವರೆಗೆ ಹೂತಿಟ್ಟರು.

ಅಂದಿನಿಂದ ದಿನಾ ಬೆಳಗ್ಗೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಗಾಳಿ ಬೀಸದ ದಿನ ಯಂತ್ರ ತಿರುಗುತ್ತಿರಲಿಲ್ಲ, ಕೈಯಲ್ಲೇ ಸೇದಬೇಕು. ಮೊದಲ ಎರಡು ದಿನ ತಟ್ಟೆಯ ನೀರನ್ನು ಯಾರೂ ಮುಟ್ಟಿರಲಿಲ್ಲ, ಅರ್ಧ ಬಿಸಿಲಿಗೇ ಆರಿತ್ತು. ಒತಿಲಿಯಾಳಿಗೆ ಊಟ ಸೇರಲಿಲ್ಲ. ಮೂರನೇ ದಿನ ತಟ್ಟೆ ನೆಕ್ಕಿದಂತೆ ಖಾಲಿ. ಅವಳು ಮನೆಗೆ ಓಡುತ್ತಲೇ ಬಂದಳು.

"ಅತ್ತೆ, ಕುಡಿದಿದೆ. ಪೂರ್ತಿ ಕುಡಿದಿದೆ."

"ಹ್ಞೂಂ" ಎಂದಳು ಅತ್ತೆ, ಬೀನ್ಸು ಆರಿಸುತ್ತ. "ಹಾಗಾದ್ರೆ ನಾಳೆ ಇನ್ನೊಂದು ಚೊಂಬು ಜಾಸ್ತಿ ಹಾಕು."

ದಾರಿ ಒಗ್ಗಿತು. ದಾರಿಯಲ್ಲಿ ಸಿಗುವವರೂ ಒಗ್ಗಿದರು. ಹಾರಲು ಬಂದರೂ ಹಾರದೆ ಓಡುವ, ಉದ್ದ ಬಾಲದ ಹಕ್ಕಿಯೊಂದು ಹಟ್ಟಿಯ ಬೇಲಿಯಿಂದಲೇ ಅವಳ ಮುಂದೆ ಮುಂದೆ ಓಡಿ, ತಿರುಗಿ ನೋಡಿ, ಇನ್ನೂ ಬರಲಿಲ್ಲವಾ ಎನ್ನುವಂತೆ ನಿಲ್ಲುತ್ತಿತ್ತು. ಅದಕ್ಕೆ ಅವಳು ಅಂಚೆಯವನು ಎಂದು ಹೆಸರಿಟ್ಟಳು. ಜುಟ್ಟಿನ ಗೌಜಲುಗಳು ಹದಿಮೂರು ಮರಿಗಳನ್ನು ಸಾಲಾಗಿ ದಾಟಿಸುತ್ತಿದ್ದವು. ಒಂದು ವಾರದ ಮೇಲೆ ಮರಿಗಳು ಹನ್ನೊಂದಾದವು, ಅದಕ್ಕೊಂದು ಸಂಜೆ ಅತ್ತಳು. ಬಂಡೆಯ ಮೇಲೆ ಬೂದು ನರಿಯೊಂದು ಕೂತು ಅವಳನ್ನು ನೋಡುತ್ತಿತ್ತು, ಅವಳು ಅದನ್ನು ನೋಡುತ್ತಿದ್ದಳು. ಬರುಬರುತ್ತ ಅವಳು ಇವುಗಳೊಂದಿಗೆ ಮಾತಿಗೇ ಇಳಿದಳು. ಅತ್ತೆಯ ಮೇಲಿನ ಚಾಡಿಯೆಲ್ಲ ನರಿಯ ಕಿವಿಗೆ ಬಿತ್ತು.

ಸಂತ ಇಸಿದ್ರೋ ಹಬ್ಬದ ದಿನ, ಮೇ ಹದಿನೈದಕ್ಕೆ, ಅತ್ತೆಯೂ ಜೊತೆಗೆ ಬಂದಳು. ಸೊಸೆ ನೀರು ಸುರಿಯುತ್ತಿದ್ದಾಗ ತಾನೊಬ್ಬಳೇ ಬಿಲದ ಕಡೆ ಹೋಗಿ, ಬಗ್ಗಿ ನೋಡಿ, ಸುಮ್ಮನೆ ವಾಪಸು ಬಂದಳು.

"ಹೇಗಿದೆ ಅತ್ತೆ?"

"ಒಳಗಡೆ ಇದೆ" ಎಂದಳು ಅತ್ತೆ. ಖಾಲಿ ಬಿಂದಿಗೆಯನ್ನು ತಾನೇ ಎತ್ತಿಕೊಂಡು ಮುಂದೆ ನಡೆದಳು.

ಆ ಸಂಜೆಯಿಂದ ಒಂದು ಹೊಸ ರೂಢಿಯಾಯಿತು. ಹೊತ್ತು ಮುಳುಗುವ ಮೊದಲು ಇಬ್ಬರೂ ಗೋಡೆಗೊರಗಿ ಕಾಫಿ ಹಿಡಿದು ಕೂರುವುದು. ಒತಿಲಿಯಾ ಅವತ್ತಿನ ವರದಿ ಒಪ್ಪಿಸುವುದು: ತಟ್ಟೆ ಎಷ್ಟು ಖಾಲಿಯಾಗಿತ್ತು, ಯಾರು ಯಾರು ಸಿಕ್ಕಿದರು, ಅಂಚೆಯವನು ಯಾವ ಹಲ್ಲಿ ನುಂಗಿದ. ಅತ್ತೆ ನಡುನಡುವೆ ತಿದ್ದುವುದು. "ಅದು ಗಂಡಲ್ಲ, ಹೆಣ್ಣು. ಅಂಚೆಯವಳು ಅನ್ನು." ಈಗ ಒತಿಲಿಯಾ ಯೋಚಿಸುತ್ತಾಳೆ, ತನ್ನ ಬದುಕಿನಲ್ಲಿ ಅಷ್ಟು ಸುಖವಾದ ಸಂಜೆಗಳು ಆಮೇಲೆ ಬಂದವೇ? ಆಗ ಅವಳು ಸುಖವೆಂದು ಅಂದುಕೊಂಡಿರಲೇ ಇಲ್ಲ. ಮಳೆ ಬರಲಿ, ಆಮೆ ಹೊರಗೆ ಬರಲಿ, ತಾನು ಹೊರಡಲಿ ಎಂದು ಕಾಯುತ್ತಿದ್ದಳು, ಅಷ್ಟೇ. ನಬೋರ್ ಜೂನ್‌ನಲ್ಲಿ ನಾಲ್ಕು ದಿನ ಬಂದು ಹೋದ. ಹೆಂಡತಿ ಕಪ್ಪಾಗಿದ್ದಾಳೆ ಎಂಬುದಷ್ಟೇ ಅವನಿಗೆ ಕಂಡದ್ದು. ಚೀಲದ ಸುದ್ದಿಯನ್ನು ಅತ್ತೆ ಮಗನಿಗೆ ಹೇಳಲಿಲ್ಲ. ಇವತ್ತಿಗೂ ಅವನಿಗೆ ಗೊತ್ತಿಲ್ಲ.

ಜೂನ್ ಕೊನೆಯ ಸಂತ ಯೋವಾನನ ಹಬ್ಬಕ್ಕೆ ಒಮ್ಮೊಮ್ಮೆ ಮುಂಚೆಯೇ ಬರುವ ಮಳೆ ಆ ವರ್ಷ ಬರಲಿಲ್ಲ. ಜುಲೈ ಎರಡನೇ ಸೋಮವಾರ ಮಧ್ಯಾಹ್ನ ದಕ್ಷಿಣದಿಂದ ಧೂಳಿನ ಗೋಡೆ ಎದ್ದು ಬಂತು, ಅದರ ಬೆನ್ನಿಗೆ ಮಳೆ. ಒತಿಲಿಯಾ ಬರಿಗಾಲಲ್ಲಿ ಗುಡ್ಡಕ್ಕೆ ಓಡಿದಳು. ನೆಲದಡಿಯಿಂದ ಕಪ್ಪೆಗಳೆದ್ದು ಕುರಿಯಂತೆ ಕೂಗುತ್ತಿದ್ದವು. ಆಚೆ ಬಂಡೆಯಡಿಯಿಂದ ಒಂದು ಆಮೆ ಬಂತು, ಇನ್ನೊಂದು ಬಂತು, ಗುಂಡಿಗೆ ಮೂತಿ ಇಟ್ಟು ಕುಡಿಯತೊಡಗಿದವು. ಅವಳದು ಬರಲಿಲ್ಲ. ಕತ್ತಲಾಗುವವರೆಗೆ ನೆನೆಯುತ್ತ ಕೂತಳು. ಮಂಗಳವಾರವಿಡೀ ಕೂತಳು. ಬುಧವಾರ ಬೆಳಗ್ಗೆ ಅತ್ತೆ ತಾನೇ ಬಂದು, ನೆಲಕ್ಕೆ ಮಲಗಿ, ಬಿಲದೊಳಗೆ ಭುಜದವರೆಗೆ ಕೈ ಹಾಕಿ ಆಮೆಯನ್ನು ಎಳೆದಳು. ಬರೀ ಚಿಪ್ಪು. ಒಳಗೆ ಒಣಗಿದ ಚರ್ಮ, ಇರುವೆ.

"ಯಾವಾಗ ಹೋಯ್ತು ಇದು?" ಒತಿಲಿಯಾ ಕೇಳಿದಳು.

"ಮೇ ತಿಂಗಳಲ್ಲೇ. ಹಬ್ಬದ ದಿನ ನೋಡಿದಾಗ ಬಿಲದ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಇಡೀ ಬಾಯಿಗೆ. ವಾರದಿಂದ ಏನೂ ಹೊರಗೆ ಬಂದಿರಲಿಲ್ಲ."

"ಗೊತ್ತಿದ್ದೂ ಎಂಟು ವಾರ ಹೊರಿಸಿದ್ರಾ? ನಾನು ಕೊಂದೆ ಅಂತ ಅವತ್ತೇ ಹೇಳಬಾರದಿತ್ತಾ?"

"ಹೇಳಬೇಕಿತ್ತು." ಅತ್ತೆ ಚಿಪ್ಪಿನ ಮಣ್ಣನ್ನು ಮುಸುಕಿನ ತುದಿಯಲ್ಲಿ ಒರೆಸುತ್ತಿದ್ದಳು. "ತಟ್ಟೆ ಖಾಲಿಯಾಗಿದೆ ಅಂತ ದಿನಾ ಬಂದು ಹೇಳ್ತಿದ್ದೆ. ನಗ್ತಾ ಹೇಳ್ತಿದ್ದೆ. ನಮ್ಮನೆಗೆ ಬಂದಮೇಲೆ ನೀನು ನಕ್ಕಿದ್ದೇ ಅದಕ್ಕೆ. ಹೇಳಿದ್ರೆ ಮಾರನೇ ಗುರುವಾರ ಹೊರಟುಬಿಡ್ತೀಯಾ ಅಂತ ಹೆದರಿಕೆಯಾಯ್ತು. ನನ್ನ ಸ್ವಾರ್ಥ, ಮಗಳೇ."

ಒತಿಲಿಯಾಳಿಗೆ ಬಿಂದಿಗೆ ಎತ್ತಿ ಬಂಡೆಗೆ ಅಪ್ಪಳಿಸುವಷ್ಟು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಅತ್ತೆ ಸಮಾಧಾನ ಮಾಡಲು ಹೋಗಲಿಲ್ಲ, ಬರುವುದೂ ಇಲ್ಲ ಅವಳಿಗೆ. ಅತ್ತು ಮುಗಿದ ಮೇಲೆ ಒತಿಲಿಯಾ ಕೇಳಿದಳು, "ಹಾಗಾದ್ರೆ ನನ್ನ ನೀರು ಕುಡಿದಿದ್ಯಾರು?"

"ಯಾರು ಕುಡೀಲಿಲ್ಲ ಕೇಳು. ನಿನ್ನ ಅಂಚೆಯವಳು, ಗೌಜಲುಗಳು, ಮರಿಗಳು. ಆ ಚಾಡಿಕೋರ ನರಿ. ಮೂರು ಕಾಲಿನ ಹಂದಿಯೊಂದಿದೆ, ನಮ್ಮ ತೊಟ್ಟಿವರೆಗೆ ಬರೋಕಾಗಲ್ಲ ಅದಕ್ಕೆ, ಅದು. ಹೆಜ್ಜೆ ಗುರುತು ನೋಡೋಕೆ ಕಲೀಲೇ ಇಲ್ಲ ನೀನು. ಅರ್ಧ ಕಾಡು ನಿನ್ನ ತಟ್ಟೆ ನೆಕ್ಕಿ ಈ ಬೇಸಿಗೆ ದಾಟಿದೆ." ಅತ್ತೆ ಚಿಪ್ಪನ್ನು ಮತ್ತೆ ಬಿಲದೊಳಗೆ ಇಟ್ಟು, ಮಂಡಿ ಹಿಡಿದು ಎದ್ದಳು. "ನಾಳೆ ಗುರುವಾರ. ನಾನು ತಡೆಯಲ್ಲ."

ಮಾರನೇ ಬೆಳಗ್ಗೆ ಒತಿಲಿಯಾ ಎದ್ದಾಗ ಮೇಜಿನ ಮೇಲೆ ಒಂದು ಗಂಟಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿದ ದೊಡ್ಡ ದೊಡ್ಡ ಗೋಧಿ ರೊಟ್ಟಿ, ನಡುವೆ ಒಣಮಾಂಸದ ಪಲ್ಯ. ನಾಲ್ಕು ಬಸ್ಸಿನ ದಾರಿಗೆ ಸಾಕಾಗುವಷ್ಟು. ಯಾವ ಹೊತ್ತಿಗೆ ಎದ್ದು ಮಾಡಿದ್ದಳೋ. ಅತ್ತೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ತಿರುಗಲಿಲ್ಲ. ಒತಿಲಿಯಾ ಮೂಲೆಯಿಂದ ಬಿಂದಿಗೆ ತೆಗೆದುಕೊಂಡಳು.

"ಎಲ್ಲಿಗೆ?" ಎಂದಳು ಅತ್ತೆ, ಸದ್ದಿಗೆ ತಿರುಗಿ.

"ತಟ್ಟೆಗೆ ನೀರು ಹಾಕೋಕೆ."

"ಹುಚ್ಚಿ, ಕಾಡೆಲ್ಲ ನೀರು ನಿಂತಿದೆ. ಇವತ್ತು ಯಾರು ಬರ್ತಾರೆ ನಿನ್ನ ತಟ್ಟೆಗೆ?"

"ನಿಂತ ನೀರು ಎಷ್ಟು ದಿನ ಇರುತ್ತೆ ಅತ್ತೆ? ಒಣಗಿದಮೇಲೆ ಬರ್ತಾರಲ್ಲ. ಬಂದಾಗ ತಟ್ಟೆ ಅಲ್ಲೇ ಇರಬೇಕು."

ಅತ್ತೆ ಮುಸುಕಿನ ತುದಿಯಿಂದ ಮೂಗು ಒರೆಸಿಕೊಂಡು, ಗಂಟನ್ನು ಬಿಚ್ಚಿ, ಒಂದು ರೊಟ್ಟಿ ಸೊಸೆಯ ಮುಂದೆ ದೂಡಿದಳು. "ಹಾಗಾದ್ರೆ ಕೂತು ತಿಂದು ಹೋಗು. ತಣ್ಣಗಾದ್ರೆ ಚಕ್ಕಳ ಆಗುತ್ತೆ."

ದೊಡ್ಡ ರಸ್ತೆಯಲ್ಲಿ ಬಸ್ಸು ಹೋದಾಗ ಇಬ್ಬರೂ ತಿನ್ನುತ್ತಿದ್ದರು. ಆ ರೊಟ್ಟಿಯನ್ನು ಒತಿಲಿಯಾ ಆಮೇಲೆ ಸಾವಿರ ಸಲ ಮಾಡಿದ್ದಾಳೆ, ಅದೇ ಒಲೆ, ಅದೇ ಹಿಟ್ಟು. ಅವತ್ತಿನ ರುಚಿ ಬಂದಿಲ್ಲ.